ನಾಯಿಯ ಫಲಾಹಾರ

"ಯಜಮಾನ್ರೇ, ಹುಣಸೂರಿನ ಪಶು ಆಸ್ಪತ್ರೆಗೆ ಹೆಂಗೆ ಹೋಗೋದು?"

ಕಟ್ಟೆಮಳಲವಾಡಿ ಹತ್ತಿರ ಯಾವುದೋ ಗದ್ದೆ ಬದಿಯಲ್ಲಿ ಕಾರು ನಿಲ್ಲಿಸಿ ಕೇಳಿದೆ. ಇಸ್ತಾಂಬುಲ್ಲಿನ ಸಂದಿಗಳಲ್ಲೂ ದಾರಿ ತಪ್ಪದವಳು ನಾನು. ಕೆ.ಆರ್. ನಗರದಿಂದ ಇಲ್ಲಿಗೆ ಬರುವಷ್ಟರಲ್ಲಿ ಒಂದೇ ಅರಳಿಕಟ್ಟೆಯನ್ನು ಎರಡು ಸಲ ಸುತ್ತಿದ್ದೆ. ನನ್ನ ನಾಯಿ ಜೊತೆ ಹೊರಟಾಗೆಲ್ಲ ಇಂಥದ್ದೊಂದು ಕಾದೇ ಇರುತ್ತದೆ.

ಯಜಮಾನರು ಹಿಂದಿನ ಸೀಟಿಗೆ ಬಗ್ಗಿ ನೋಡಿ, ಹಸು ಎಲ್ಲಿ ಅಂತ ಕೇಳಿದರು. ಹಸುವಲ್ಲ, ಈ ನಾಯಿಗೇ ಹುಷಾರಿಲ್ಲ; ಮಾವಿನ ವಾಟೆ ನುಂಗಿದೆ, ಕರುಳಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಸಂಚಕಾರ ಅಂದೆ. ಅವರು ದಾರಿಯ ವಿಷಯ ಬಿಟ್ಟರು. ಅವರ ತಮ್ಮನೂ ಚಿಕ್ಕವನಿದ್ದಾಗ ಒಂದು ವಾಟೆ ನುಂಗಿದ್ದನಂತೆ. ಆಮೇಲೇನಾಯ್ತು ಅಂತ ಗಾಬರಿಯಿಂದ ಕೇಳಿದೆ.

"ಏನಾದದು? ಈಗ ಪಂಚಾಯ್ತಿ ಮೆಂಬರ್ರು ಕಣವ್ವ."

ತಾಂಬೂಲ

ಇದಕ್ಕೆಲ್ಲ ಕಾರಣ ಕೆ.ಆರ್. ನಗರದ ಕಡೆಯ ನನ್ನ ಗೆಳತಿಯ ಅತ್ತೆ. ನಾಯಿಗೆ ಹಣ್ಣು ಕೊಡಬಹುದಾ ಅಂತ ಬೆಳಿಗ್ಗೆ ಕೇಳಿದ್ದರು. ನಾನು ಉಪನ್ಯಾಸವನ್ನೇ ಕೊಟ್ಟೆ. ಸಿಪ್ಪೆ ತೆಗೀಬೇಕು, ಬೀಜ, ವಾಟೆ ಏನೂ ಇರಬಾರದು, ಸಣ್ಣ ಚೂರು ಮಾಡಿ ಒಂದೆರಡು ಹಾಕಿದರೆ ಸಾಕು. ಅತ್ತೆ ಎಲ್ಲಕ್ಕೂ ತಲೆಯಾಡಿಸಿದರು.

ಹೊರಡುವಾಗ ನನಗೆ ಎಲೆ ಅಡಿಕೆ, ಹಣ್ಣು ಕೊಟ್ಟರು. ಆಮೇಲೆ ಅಷ್ಟೇ ಗೌರವದಿಂದ ನಾಯಿಯ ಮುಂದೆ ಒಂದು ಸಕ್ಕರೆಗುತ್ತಿ ಮಾವಿನಹಣ್ಣು ಇಟ್ಟರು, ಇಡಿಯಾಗಿ. ಪುಟ್ಟ ಹಣ್ಣು. ನಾನು ಕೈಚಾಚುವಷ್ಟರಲ್ಲಿ ಗುಳುಂ. ಚೂರು ಮಾಡಿ ಅಂದಿದ್ನಲ್ಲಮ್ಮ ಅಂದರೆ ಅವರಿಗೇ ಬೇಜಾರು.

"ಮೊದಲ್ನೆ ಸತಿ ಮನೆಗೆ ಬಂದದೆ. ಕೊಯ್ದ ಅಣ್ಣು ಕೊಟ್ಟು ಕಳ್ಸಕ್ಕಾದದಾ?"

ಸದ್ಯ, ಕುಂಕುಮ ಇಡಲಿಲ್ಲ.

ಪಶು ಆಸ್ಪತ್ರೆ

ಅಂತೂ ತಲುಪಿದೆವು. ಸಾಲಿನಲ್ಲಿ ಒಂದು ಎಮ್ಮೆ, ನಾಲ್ಕು ಮೇಕೆ, ನಾವು. ಎಮ್ಮೆಯ ಒಡತಿ ವಿಷಯ ತಿಳಿದು, ನಮ್ದು ಬರೀ ಕೆಮ್ಮು, ನೀವು ಮುಂದೆ ಹೋಗಿ ಅಂತ ಜಾಗ ಬಿಟ್ಟರು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಸಣ್ಣ ವಾಟೆ, ಬೇಗ ಬಂದಿದ್ದು ಒಳ್ಳೇದಾಯ್ತು ಅಂತ ವಾಂತಿಯ ಇಂಜೆಕ್ಷನ್ ಕೊಟ್ಟರು. ಮೇಕೆಯವರೂ ಸೇರಿ ಎಲ್ಲರೂ ಸುತ್ತ ನಿಂತೆವು. ನಾಯಿ ಒಂದು ಸಲ ಓಕರಿಸಿತು, ಎರಡನೇ ಸಲಕ್ಕೆ ವಾಟೆ ಹೊರಗೆ. ನನ್ನ ಕಣ್ಣಲ್ಲಿ ನೀರು ಬಂತು.

ಎಮ್ಮೆಯ ಒಡತಿ ಕಡ್ಡಿಯಲ್ಲಿ ವಾಟೆಯನ್ನು ಹೊರಳಿಸಿ ನೋಡಿದರು.

"ಒಳ್ಳೆ ಜಾತಿದು ಕಣವ್ವ. ನಿಮಗೆ ಬ್ಯಾಡ್ದಿದ್ರೆ ನಾನು ನೆಟ್ಕತೀನಿ."

ಕಪ್ಪು ದ್ರಾಕ್ಷಿ

ಗಂಡಾಂತರ ಕಳೆಯಿತು ಅಂದುಕೊಂಡು ಬಸ್‌ಸ್ಟ್ಯಾಂಡ್ ಹತ್ತಿರ ಹಣ್ಣಿನ ಗಾಡಿಯ ಮುಂದೆ ನಿಂತೆ. ಗಾಡಿಯ ಸಾಬರಿಗೆ ವಯಸ್ಸಾಗಿತ್ತು, ಕರುಣೆ ಜಾಸ್ತಿ. ನಾಯಿಯ ಕಥೆ ಕೇಳಿ ಲೊಚಗುಟ್ಟಿ, ಪಾಪ ಹೊಟ್ಟೆ ಖಾಲಿಯಾಗಿರುತ್ತೆ ಅಂತ ಒಂದು ಗೊಂಚಲು ಕಪ್ಪು ದ್ರಾಕ್ಷಿಯನ್ನು ಅದರ ಬಾಯಿಗೇ ಹಿಡಿದರು. ದ್ರಾಕ್ಷಿ ನಾಯಿಯ ಕಿಡ್ನಿಯನ್ನೇ ಕೆಡಿಸಬಹುದು, ನಾಲ್ಕು ಕಾಳಾದರೂ ಸರಿ. ಅಷ್ಟು ವಿವರಿಸಲು ಪುರುಸೊತ್ತೆಲ್ಲಿ? ಕೈ ತಳ್ಳಿ ಕಿರುಚಿದೆ.

"ವಿಷ ಅದು!"

ನಾಯಿ ಉಳಿಯಿತು. ವ್ಯಾಪಾರ ಹೋಯಿತು. ತೂಕ ಹಾಕಿಸುತ್ತಿದ್ದ ಮೂವರು ಹೆಂಗಸರು ದ್ರಾಕ್ಷಿಯನ್ನು ವಾಪಸ್ ಬುಟ್ಟಿಗೆ ಸುರಿದರು. ರುಚಿ ನೋಡುತ್ತಿದ್ದವಳು ಉಗಿದಳು. ವಿಷ ನಾಯಿಗೆ, ಮನುಷ್ಯರಿಗಲ್ಲ ಅಂತ ಎಷ್ಟು ಹೇಳಿದರೂ ಯಾರೂ ಹತ್ತಿರ ಬರಲಿಲ್ಲ. ಬುಟ್ಟಿ ಪೂರ್ತಿ ನಾನೇ ಕೊಳ್ಳುತ್ತೇನೆ ಅಂದೆ. ಸಾಬರು ಒಪ್ಪಲಿಲ್ಲ.

"ಕಾಸು ಬ್ಯಾಡಮ್ಮ. ನಾಳೆನೂ ಇಲ್ಲೇ ಗಾಡಿ ನಿಲ್ಲಿಸ್ಬೇಕು ನಾನು. ಹೋದ ಹೆಸರು ವಾಪಸ್ ಕೊಡಿ."

ನ್ಯಾಯವಾದ ಸಾಲ. ನಾಯಿಯನ್ನು ಕಾರಿನ ನೆರಳಿಗೆ ಕಟ್ಟಿ, ಅವರ ಸ್ಟೂಲಿನ ಮೇಲೆ ರಸ್ತೆಗೆ ಮುಖ ಮಾಡಿ ಕೂತೆ. ತೊಳೆದುಕೊಟ್ಟ ದ್ರಾಕ್ಷಿಯನ್ನು ಒಂದೊಂದಾಗಿ ಎಲ್ಲರಿಗೂ ಕಾಣುವಂತೆ ತಿಂದೆ. ಹೆಂಗಸರು ಸೆರಗು ಬಾಯಿಗಿಟ್ಟು ನೋಡುತ್ತಿದ್ದರು. ನಾನು ನಕ್ಕೆ.

"ತಡೀರಿ, ತಕ್ಷಣಕ್ಕೆ ಗೊತ್ತಾಗಕಿಲ್ಲ" ಅಂದಳು ಒಬ್ಬಳು.

"ಆಗ್ಲೇ ಬೆವರ್ತಾವ್ಳೆ ನೋಡು" ಅಂದಳು ಇನ್ನೊಬ್ಬಳು.

ಮೇ ತಿಂಗಳ ಬಿಸಿಲು, ಬೆವರದೆ ಏನು ಮಾಡಲಿ? ಎರಡನೇ ಗೊಂಚಲು ಮುಗಿಯುವ ಹೊತ್ತಿಗೆ ಸಾಬರಿಗೂ ಧೈರ್ಯ ಬಂತು. ತಕ್ಕಡಿ ಎತ್ತಿಕೊಂಡು ಕೂಗತೊಡಗಿದರು:

"ಬನ್ನಿ ಬನ್ನಿ ದ್ರಾಕ್ಷಿ! ಮೇಡಂ ತಿಂದು ಇನ್ನೂ ಬದುಕವ್ರೆ!"

ಬುಟ್ಟಿ ಖಾಲಿಯಾಗುವವರೆಗೂ ಬದುಕಿ ತೋರಿಸಿ, ಸಾಲ ತೀರಿಸಿ ಎದ್ದೆ.