ನೊರೆ ಬಾರದ ಸೋಪಿನ ಪಾಲು

ಅಂಗಡಿಯ ಬೀಗ ತೆಗೆಯುವ ಮೊದಲೇ ದರ್ಜಿಯ ಕೈಗೆ ಚೀಟಿ ಬಂತು. ಬರೆದವನು ಸೋಪಿನ ಸಾಹುಕಾರ, ಅಂದರೆ ಶಾಲೆಯಲ್ಲಿ ಇವನ ಪಕ್ಕ ಕೂತು ಕಾಪಿ ಹೊಡೆದವನು. ಸಂಜೆ ಆರರೊಳಗೆ ಕಾರ್ಖಾನೆಗೆ ಇನ್ನೂ ಇಪ್ಪತ್ತು ಸಾವಿರ ಹಾಕಬೇಕು, ಹಾಕದವರ ಪಾಲು ರದ್ದು ಎಂದಿತ್ತು.

ಆಗಲೇ ನಲವತ್ತು ಸಾವಿರ ಹಾಕಿಯಾಗಿತ್ತು. ಆ ಸೋಪೋ, ಉಜ್ಜಿದಷ್ಟೂ ಕೈ ಸವೆಯಬೇಕೇ ಹೊರತು ನೊರೆ ಬರುತ್ತಿರಲಿಲ್ಲ. ಹೆಂಡತಿಗೆ ಇದನ್ನು ಹೇಳುವ ಧೈರ್ಯ ದರ್ಜಿಗೆಲ್ಲಿ? ಒಂದು ಸೋಪು ತನ್ನಿ ಎಂದು ಅವಳು ಕೇಳಿದಾಗಲೆಲ್ಲ, ಮಾಲೆಲ್ಲ ಹೊರದೇಶಕ್ಕೇ ಹೋಗುತ್ತಿದೆ, ಪಾಲುದಾರರಿಗೂ ಸಿಗುತ್ತಿಲ್ಲ ಎಂದು ಬುರುಡೆ ಬಿಡುತ್ತಿದ್ದ.

ಇನ್ನು ಉಳಿದದ್ದು ಬೀರುವಿನ ಡಬ್ಬದಲ್ಲಿದ್ದ ಮೂವತ್ತು ಸಾವಿರ. ಮಗಳ ನರ್ಸಿಂಗ್ ಕಾಲೇಜಿನ ಫೀಸು, ಮುಂದಿನ ವಾರ ಕಟ್ಟಬೇಕಾದದ್ದು. ಹಾಕಿದರೆ ಮಗಳ ಓದು ಹೋಯಿತು, ಹಾಕದಿದ್ದರೆ ನಲವತ್ತು ಸಾವಿರ ಹೋಯಿತು. ಈ ಯೋಚನೆಯಲ್ಲೇ ಮೇಷ್ಟರೊಬ್ಬರ ಪ್ಯಾಂಟಿನ ಎರಡೂ ಕಾಲು ಸೇರಿಸಿ ಹೊಲಿದುಬಿಟ್ಟ. ಪಾಪ, ಅವರು ಹಾಕಿ ನೋಡಲು ಹೋಗಿ ಕನ್ನಡಿಯ ಮೇಲೇ ಬಿದ್ದರು.

ಸದ್ದು ಕೇಳಿ ಪಕ್ಕದ ಕಟಿಂಗ್ ಶಾಪಿನವನು ಕತ್ತರಿ ಹಿಡಿದೇ ಓಡಿ ಬಂದ. ಅರ್ಧ ತಲೆ ಕತ್ತರಿಸಿಕೊಂಡಿದ್ದ ಗಿರಾಕಿಯೂ ಹಿಂದೆಯೇ ಬಂದ. ದರ್ಜಿ ಚೀಟಿ ತೋರಿಸಿ ಗೋಳು ಹೇಳಿಕೊಂಡ. ಗಿರಾಕಿ ಹಾಕು ಎಂದ, ಮೇಷ್ಟರು ಬೇಡ ಎಂದರು, ಆಮೇಲೆ ಇಬ್ಬರೂ ಅದಲುಬದಲಾಗಿ ವಾದಿಸಿದರು. ದರ್ಜಿಯ ತಲೆ ಕೆಟ್ಟು ಗೊಬ್ಬರವಾಯಿತು.

ಎಲ್ಲರೂ ಹೋದ ಮೇಲೆ ಕಟಿಂಗ್ ಶಾಪಿನವನು ಮೆಲ್ಲಗೆ ಹೇಳಿದ. "ಅಣ್ಣ, ಪಾಲನ್ನೇ ಮಾರಿಬಿಡು. ಗಿರಾಕಿ ನಾನು ಹುಡುಕ್ತೀನಿ. ಐನೂರು ನಂದು. ಆ ಕಡೆಯವರ ಹೆಸರು ಈ ಕಡೆಗೆ ಹೇಳಲ್ಲ, ಈ ಕಡೆದು ಆ ಕಡೆಗೆ ಹೇಳಲ್ಲ. ನನ್ನ ವ್ಯವಹಾರನೇ ಹಾಗೆ."

ಕೊಳ್ಳುವವರ ಹೆಸರಿನ ಜಾಗ ಖಾಲಿ ಬಿಟ್ಟು ದರ್ಜಿ ಪಾಲು ಮಾರುವ ಪತ್ರಕ್ಕೆ ಸಹಿ ಹಾಕಿ, ಲಕೋಟೆಗೆ ಅಂಟು ಹಚ್ಚಿ ಅವನ ಕೈಗಿತ್ತ. ನಾಲ್ಕು ಗಂಟೆಗೆ ಹತ್ತು ಸಾವಿರ ಬಂತು. ಮಗಳ ಓದು ಉಳಿಯಿತು ಎಂದು ಅವನಿಗೆ ಅಳುವೇ ಬಂತು. ಐನೂರು ಕೊಟ್ಟು, ಉಳಿದದ್ದನ್ನು ಜೇಬಿಗಿಳಿಸಿ ಮನೆಗೆ ಹಾರಿದ.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಮುಖ ಊರಗಲ.

"ರೀ, ಬೈಬೇಡಿ. ಡಬ್ಬದ ದುಡ್ಡಲ್ಲಿ ಸೋಪಿನ ಕಾರ್ಖಾನೆ ಪಾಲು ತಗೊಂಡೆ. ಯಾರೋ ಬುದ್ಧಿಗೇಡಿ ಹತ್ತು ಸಾವಿರಕ್ಕೆ ಮಾರ್ದ. ಮೇಲೆ ಇಪ್ಪತ್ತು ಸಾವಿರ ಕಟ್ಬೇಕಿತ್ತಂತೆ, ಅದನ್ನೂ ಕಟ್ಟಿಸ್ದೆ. ಫೀಸಿಗೇನು, ಅಷ್ಟರೊಳಗೆ ಲಾಭ ಬರುತ್ತಲ್ಲ. ದಿನಾ ನೀವೇ ಹೇಳ್ತಿದ್ರಲ್ಲ."

ಮೊದಲು ಅವನೇ ನೋಡಲೆಂದು ಒಡೆಯದೆ ಇಟ್ಟಿದ್ದ ಲಕೋಟೆಯನ್ನು ಕೈಗಿತ್ತಳು. ದರ್ಜಿ ಒಡೆದ. ಒಳಗೆ ಅವನದೇ ಸಹಿ ಇತ್ತು. ಗೋಡೆ ಹಿಡಿದು ಕೆಳಗೆ ಕೂತ.

ಕೂತಾಗ ಜೇಬಿನಿಂದ ನೋಟು ಇಣುಕಿದವು. ಹೆಂಡತಿ ಅವನ್ನು ಎಳೆದು ಎಣಿಸಿದಳು.

"ನೋಡಿ, ಆಗ್ಲೇ ಲಾಭ ಬಂದಿದೆ! ಕಟಿಂಗ್ ಶಾಪಿನವರನ್ನ ಕೇಳ್ಕೊಂಡು ಬರ್ಲಾ, ಇನ್ನೊಂದು ಪಾಲು ಇದ್ಯಾ ಅಂತ?"