ಓರ್ವಿಲ್ ಆಡಿದ ದೊಡ್ಡ ಮಾತು

ಹೆಂಡತಿಯನ್ನು ಬಾಯಿತುಂಬ ಹೊಗಳಬೇಕೆಂಬ ದುರ್ಬುದ್ಧಿ ಓರ್ವಿಲ್ ಟ್ವೇಟ್‌ಗೆ ಅರವತ್ತೆಂಟನೆಯ ವಯಸ್ಸಿನಲ್ಲಿ ಬಂದಿತು. ಅಲ್ಲಿಯವರೆಗೆ ಅವನು ಮರ್ಯಾದೆಯಿಂದಲೇ ಬಾಳಿದ್ದ.

ಮಿನೆಸೋಟಾದ ನಮ್ಮ ಲಿಂಡಾಲ್ ಊರಿನಲ್ಲಿ ಹೊಗಳಿಕೆಗೂ ಒಂದು ಅಳತೆಯಿದೆ. ಊಟ ಸೊಗಸಾಗಿದ್ದರೆ ‘ಪರವಾಗಿಲ್ಲ’ ಎನ್ನುತ್ತೇವೆ. ಬಹಳ ಸೊಗಸಾಗಿದ್ದರೆ ‘ಪರವಾಗಿಲ್ಲಪ್ಪ’ ಎಂದು ತಲೆಯನ್ನು ಒಮ್ಮೆ ಆಡಿಸುತ್ತೇವೆ. ಬಾಯಿಗಿಡಲಾಗದಂತಿದ್ದರೆ ‘ಒಂಥರಾ ಬೇರೆ ಇದೆ’ ಎನ್ನುತ್ತೇವೆ. ಮಾಡಿದವರು ಅರ್ಥ ಮಾಡಿಕೊಂಡು ಅದನ್ನು ಮತ್ತೆಂದೂ ಮಾಡುವುದಿಲ್ಲ. ಸರೋವರದ ಮೇಲೆ ಸೂರ್ಯ ಮುಳುಗುವುದನ್ನು ಕಂಡು ಓರ್ವಿಲ್‌ನ ತಂದೆ ಒಮ್ಮೆ ‘ಚೆನ್ನಾಗಿದೆ’ ಎಂದುಬಿಟ್ಟಿದ್ದರಂತೆ. ಆ ಮಾತನ್ನು ಮನೆಯವರು ಇನ್ನೂ ನೆನೆಯುತ್ತಾರೆ. (ಅದಕ್ಕೂ ಮೇಲಿನ ಮಾತುಗಳು ನಿಘಂಟಿನಲ್ಲಿವೆ. ಅಲ್ಲೇ ಸುಖವಾಗಿರಲಿ ಎಂದು ಬಿಟ್ಟಿದ್ದೇವೆ.)

ದುರ್ಬುದ್ಧಿಗೆ ಮೂಲ, ಮುರಿದ ಕಾಲು. ಮೂವತ್ತೊಂದು ವರ್ಷ ಹಿಮ ತಳ್ಳುವ ಸರ್ಕಾರಿ ಲಾರಿ ಓಡಿಸಿ ಇಡೀ ಊರು ಜಾರದಂತೆ ಕಾಪಾಡಿದ ಓರ್ವಿಲ್, ಜನವರಿಯಲ್ಲಿ ಮನೆಯೊಳಗಿನ ಚಪ್ಪಲಿ ಮೆಟ್ಟಿಕೊಂಡು ಅಂಚೆಪೆಟ್ಟಿಗೆಯತ್ತ ಹೊರಟು ತನ್ನದೇ ಮೆಟ್ಟಿಲ ಮೇಲೆ ಜಾರಿ ಬಿದ್ದ. ಹನ್ನೊಂದು ವಾರ ಕಾಲಿಗೆ ಪ್ಲಾಸ್ಟರ್. ಆ ಹನ್ನೊಂದು ವಾರವೂ ಹೆಂಡತಿ ಆರ್ಲಿಸ್ ಅಂಗಳದ ಹಿಮ ಬಾಚಿದಳು, ಅವನಿಗೆ ಕಾಲುಚೀಲ ತೊಡಿಸಿದಳು, ಬೆನ್ನು ಉಜ್ಜಿದಳು. ಸರೋವರದ ಮಂಜುಗಡ್ಡೆಯ ಮೇಲೆ ಅವನು ಮೀನು ಹಿಡಿಯಲೆಂದು ನಿಲ್ಲಿಸಿದ್ದ ಪುಟ್ಟ ಮರದ ಗುಡಿಸಲನ್ನು ಮಾರ್ಚ್ ಆರಂಭದಲ್ಲಿ ತೆಗೆಯಲೇಬೇಕಾಗಿ ಬಂದಾಗ, ಪಕ್ಕದ ಮನೆಯ ವರ್ಲಿನ್‌ನ ಟ್ರಕ್ಕಿಗೆ ಸರಪಳಿ ಬಿಗಿದು ತಾನೇ ಅದನ್ನು ದಡಕ್ಕೆ ಎಳೆದು ತಂದಳು. ಇಷ್ಟಾದರೂ ‘ಮೆಟ್ಟಿಲಿಗೆ ಮರಳು ಹಾಕು ಅಂತ ಬಡಕೊಂಡಿರಲಿಲ್ಲವೇ?’ ಎಂದು ಒಂದು ಬಾರಿಯೂ ಕೇಳಲಿಲ್ಲ. ಅದೇ ಓರ್ವಿಲ್‌ನ ಎದೆಯಲ್ಲಿ ಮುಳ್ಳಾಗಿ ಕುಳಿತಿತು. ಒಮ್ಮೆ ಚೆನ್ನಾಗಿ ಬೈದುಬಿಟ್ಟಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಏಪ್ರಿಲ್‌ನಲ್ಲಿ ಪ್ಲಾಸ್ಟರ್ ತೆಗೆದರು. ಕಾಲಿಗೆ ವ್ಯಾಯಾಮ ಕಲಿಸುತ್ತಿದ್ದ ಹುಡುಗಿ ಒಂದು ದಿನ ಕೇಳಿದಳು:

“ನಿಮ್ಮ ಹೆಂಡತಿಗೆ ಥ್ಯಾಂಕ್ಸ್ ಹೇಳಿದ್ರಾ, ಓರ್ವಿಲ್?”

“ಅವಳಿಗೆ ಗೊತ್ತು.”

“ಹೇಗೆ ಗೊತ್ತು?”

“ಅವಳ ಕಾರಿಗೆ ಪೆಟ್ರೋಲ್ ತುಂಬಿಸಿಟ್ಟೆನಲ್ಲ.”

“ಅಯ್ಯೋ, ಬಾಯಿಬಿಟ್ಟು ಹೇಳಿ! ಅವರು ಮಾಡಿದ್ದನ್ನ ಒಂದ್ಸಲ ಅದ್ಭುತ ಅನ್ನಿ. ಒಂದೇ ಒಂದು ಮಾತು. ಅಷ್ಟಕ್ಕೆ ಸಾಯಲ್ಲ ನೀವು.”

(ಆಕೆ ಷಿಕಾಗೋ ಕಡೆಯವಳು. ಅಲ್ಲಿಯ ಜನ ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಿಯೂ ಆರೋಗ್ಯವಾಗಿರುತ್ತಾರಂತೆ.)

ಓರ್ವಿಲ್ ಗ್ಯಾರೇಜಿನ ಬಾಗಿಲು ಮುಚ್ಚಿಕೊಂಡು, ಗೋಡೆಗೆ ಒರಗಿಸಿದ್ದ ಹಿಮದ ಸಲಿಕೆಯ ಎದುರು ನಿಂತು ಅಭ್ಯಾಸ ಆರಂಭಿಸಿದ. ಮೊದಲ ದಿನ ಕೆಮ್ಮು ಮಾತ್ರ ಬಂದಿತು. ಎರಡನೆಯ ದಿನ ‘ಅದ್’ ಎಂಬವರೆಗೆ ಮುಟ್ಟಿದ. ಗುರುವಾರದ ಹೊತ್ತಿಗೆ ಐದಕ್ಕೆ ನಾಲ್ಕು ಬಾರಿ ಪದ ಇಡಿಯಾಗಿ ಹೊರಬರತೊಡಗಿತು. ಸಲಿಕೆ ಏನೂ ತಪ್ಪು ತಿಳಿಯಲಿಲ್ಲ. ಅವನಿಗೆ ಧೈರ್ಯ ಬಂದಿತು.

ಅಂದು ಸಂಜೆ ಐದೂವರೆಗೆ ಎಂದಿನಂತೆ ಊಟ. ಮೇಜಿನ ಮೇಲೆ ಹಾಟ್‌ಡಿಶ್. ಕೊಚ್ಚಿದ ಮಾಂಸ, ಅಣಬೆಯ ಗಟ್ಟಿ ಸಾರು, ಮೇಲೆ ಕವಾಯತಿಗೆ ನಿಂತಂತೆ ಆಲೂಗಡ್ಡೆ ಉಂಡೆಗಳ ಸಾಲು. ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಒವನ್‌ನಲ್ಲಿ ಬೇಯಿಸಿದ್ದು. ಆರ್ಲಿಸ್ ಒಂದು ತುತ್ತು ತಿಂದು, ಫೋರ್ಕನ್ನು ಕೆಳಗಿಟ್ಟು, ಗಂಡನ ಮುಖವನ್ನೇ ನೋಡುತ್ತ ಕುಳಿತಳು. ಓರ್ವಿಲ್‌ಗೆ ಇದಾವುದೂ ಕಾಣಲಿಲ್ಲ. ಅವನ ಜೀವವೆಲ್ಲ ನಾಲಗೆಯ ತುದಿಯ ಆ ಪದದಲ್ಲಿತ್ತು. ತುತ್ತು ಬಾಯಿಗೆ ಹೋದದ್ದೇ ತಡ, ರುಚಿ ತಿಳಿಯುವ ಮೊದಲೇ,

“ಅದ್ಭುತ!” ಎಂದ.

ಆರ್ಲಿಸ್ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ಏನಂದೆ?”

“ಅದ್ಭುತ ಅಂದೆ. ಅದ್ಭುತವಾಗಿದೆ, ಆರ್ಲಿಸ್.”

ಆಗ ರುಚಿ ತಿಳಿಯಿತು. ಈರುಳ್ಳಿ, ಮಾಂಸ, ಅಣಬೆ ಎಲ್ಲದರ ಮೇಲೂ ಮದುವೆಯ ಕೇಕಿನ ಸಿಹಿ! ಕಪಾಟಿನಲ್ಲಿ ಒಂದೇ ಬಗೆಯ ಎರಡು ಬಿಳಿ ಡಬ್ಬಿಗಳಿದ್ದವು. ಸಾರು ಗಟ್ಟಿಯಾಗಲೆಂದು ಕಾರ್ನ್‌ಫ್ಲೋರ್ ಹಾಕಬೇಕಾದಲ್ಲಿ ಆರ್ಲಿಸ್ ಪುಡಿಸಕ್ಕರೆ ಸುರಿದಿದ್ದಳು. ಗಂಡ ‘ಒಂಥರಾ ಬೇರೆ ಇದೆ’ ಎಂದೊಡನೆ ಅದನ್ನು ಚೆಲ್ಲಿ ಮೊಟ್ಟೆ ಹುರಿಯೋಣವೆಂದು ಕಾದಿದ್ದವಳಿಗೆ ಈ ಮಾತು ಕೇಳಿ ಗಂಡನಿಗೆ ಪಾರ್ಶ್ವವಾಯು ಬಡಿದಿದೆಯೆಂಬ ಭಯ ಹತ್ತಿತು.

“ಓರ್ವಿಲ್, ಎರಡೂ ಕೈ ಮೇಲೆತ್ತು.”

“ಯಾಕೆ?”

“ಎತ್ತು ಅಂದ್ರೆ ಎತ್ತು! ಹಾಂ... ಈಗ ನಗು.”

ನಕ್ಕ. (ಅವನ ಹಲ್ಲುಗಳನ್ನು ಒಟ್ಟಾಗಿ ನೋಡಿ ಅವಳಿಗೆ ಬಹಳ ವರ್ಷಗಳಾಗಿದ್ದವು. ಭಯ ಇಮ್ಮಡಿಯಾಯಿತು.)

“ನನ್ನ ತಂಗಿ ಹೆಸರೇನು?”

“ಊಟದ ಹೊತ್ತಲ್ಲಿ ಅವಳ ಹೆಸರು ಯಾಕೆ?”

“ಹೇಳು!”

“ಮಾರ್ಲಿಸ್. ಏನಾಗಿದೆ ನಿನಗೆ?”

“ನನಗಲ್ಲ ಆಗಿರೋದು.”

ಓರ್ವಿಲ್ ಆಗಲೇ ನಿಜ ಹೇಳಿಬಿಡಬಹುದಾಗಿತ್ತು. ಆದರೆ ನಲವತ್ತು ವರ್ಷಕ್ಕೆ ಒಮ್ಮೆ ಆಡಿದ ಹೊಗಳಿಕೆಯನ್ನು ಅರ್ಧ ನಿಮಿಷದಲ್ಲಿ ಹಿಂದಕ್ಕೆ ತೆಗೆದುಕೊಳ್ಳುವುದೆಂದರೇನು? ಮಾತನ್ನು ಉಳಿಸಿಕೊಳ್ಳಲೆಂದು ಓರ್ವಿಲ್ ತಟ್ಟೆಗೆ ಇನ್ನೊಂದು ಸೌಟು ಬಡಿಸಿಕೊಂಡ. ಕೆಲಸ ಕೆಟ್ಟದ್ದು ಅಲ್ಲೇ.

ಆರ್ಲಿಸ್ ಫೋನ್ ಮಾಡಿದ ಹತ್ತು ನಿಮಿಷದಲ್ಲಿ ಎದುರು ಮನೆಯ ಲವಾನ್ ಬಂದಳು. ನಿವೃತ್ತ ನರ್ಸ್, ರಕ್ತದೊತ್ತಡ ಅಳೆಯುವ ಪಟ್ಟಿಯನ್ನು ಕೈಚೀಲದಂತೆ ಹಿಡಿದೇ ಓಡಾಡುವವಳು. ಒತ್ತಡ ಸರಿಯಾಗಿತ್ತು. ಅನಂತರ ಹಾಟ್‌ಡಿಶ್ಶಿನ ಚೂರೊಂದನ್ನು ಬಾಯಿಗಿಟ್ಟು ನೋಡಿದಳು.

“ಇದನ್ನ ಎರಡು ಸಲ ಹಾಕಿಸ್ಕೊಂಡ್ನಾ?” ಎಂದು ಪಿಸುಗುಟ್ಟಿದಳು.

ಆರ್ಲಿಸ್ ತಲೆಯಾಡಿಸಿದಳು. ಲವಾನ್ ಅವಳ ಕೈ ಹಿಡಿದುಕೊಂಡಳು.

ಶುಕ್ರವಾರ ಮಧ್ಯಾಹ್ನದೊಳಗೆ ಟ್ವೇಟ್ ದಂಪತಿಗಳ ಮನೆಗೆ ಒಂಬತ್ತು ಹಾಟ್‌ಡಿಶ್‌ಗಳು ಬಂದವು. ಕಾಯಿಲೆಯವರ ಮನೆಗೆ ಅಡುಗೆ ಒಯ್ಯುವುದು ನಮ್ಮೂರ ಪದ್ಧತಿ. ಯಾರೂ ಏನೂ ಕೇಳಲಿಲ್ಲ. ‘ಸ್ವಲ್ಪ ಜಾಸ್ತಿ ಮಾಡ್ಬಿಟ್ಟೆ’ ಎಂದು ಹೇಳಿ, ಒಳಗೆ ಬರಲು ಮೂರು ಬಾರಿ ಒಲ್ಲೆನೆಂದು, ನಾಲ್ಕನೆಯದಕ್ಕೆ ಬಂದು ಕಾಫಿ ಕುಡಿದು ಹೋದರು. ಪಾಸ್ಟರ್ ಬಂದು ಹವಾಮಾನದ ವಿಷಯ ಮಾತನಾಡುತ್ತಲೇ ಓರ್ವಿಲ್‌ನ ಭುಜವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡರು. ಚಳಿಗಾಲದಲ್ಲಿ ಹಿಮದ ಲಾರಿ ರಸ್ತೆಯಿಂದ ಹುಲ್ಲಿನ ಮೇಲೆ ತಳ್ಳಿದ್ದ ಜಲ್ಲಿಯನ್ನೆಲ್ಲ ವರ್ಲಿನ್ ಹೇಳದೆಯೇ ಬಂದು ಗುಡಿಸಿದ. ಆಮೇಲೆ ಟೋಪಿ ತಿರುಗಿಸುತ್ತ ನಿಂತ.

“ಚೆನ್ನಾಗಿ ಕಾಣ್ತಿದೀಯ, ಓರ್ವಿಲ್.”

‘ಚೆನ್ನಾಗಿ’ ಎಂಬುದನ್ನು ಕೇಳಿ ಓರ್ವಿಲ್ ಬೆವೆತುಹೋದ.

“ಅಲ್ಲಾ... ನಿನ್ನ ಆ ಅಲ್ಯೂಮಿನಿಯಂ ದೋಣಿ ಇದೆಯಲ್ಲ... ಅವಸರ ಏನಿಲ್ಲಪ್ಪ. ಸುಮ್ನೆ ಕೇಳ್ದೆ.”

ಶನಿವಾರ ಬೆಳಿಗ್ಗೆ ಬಟ್ಟೆ ಒಗೆಯುವ ಕೋಣೆಯಲ್ಲಿ ಆರ್ಲಿಸ್ ಅವನ ಕಾಲುಚೀಲವೊಂದನ್ನು ಮಡಿಸುತ್ತಿದ್ದಳು. ಮಡಿಸಿದ್ದನ್ನೇ ಬಿಡಿಸಿ ಮತ್ತೆ ಮಡಿಸುತ್ತಿದ್ದಳು.

“ಸೋಮವಾರ ದೊಡ್ಡಾಸ್ಪತ್ರೆಗೆ ಹೋಗೋದಿದೆ,” ಎಂದಳು, ತಿರುಗಿ ನೋಡದೆ. “ತಲೆ ಸ್ಕ್ಯಾನ್ ಮಾಡಿಸೋಕೆ. ನಾನೇ ಗಾಡಿ ಓಡಿಸ್ತೀನಿ.” ಅವಳ ದನಿ ಒಡೆದಿತ್ತು.

ಮುರಿದ ಕಾಲಿನ ಹನ್ನೊಂದು ವಾರದಲ್ಲಿ ಒಡೆಯದ ದನಿ! ಓರ್ವಿಲ್ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

“ನನ್ನ ತಲೆ ನೆಟ್ಟಗಿದೆ, ಆರ್ಲಿಸ್. ಹಾಟ್‌ಡಿಶ್ ಸಿಹಿಯಾಗಿತ್ತು. ಬಾಯಿಗಿಡೋ ಹಾಗಿರಲಿಲ್ಲ.”

ಅವಳು ತಿರುಗಿದಳು. “ಮತ್ತೆ ಅದ್ಭುತ ಅಂದೆ?”

“ಅದನ್ನಲ್ಲ ಅಂದಿದ್ದು. ಈ ಕಾಲುಚೀಲಾನ. ಹಿಮಾನ. ಆ ಗುಡಿಸಲನ್ನ ಎಳ್ಕೊಂಡು ಬಂದೆಯಲ್ಲ, ಅದನ್ನ. ಮರಳಿನ ವಿಷಯ ಎತ್ತಲಿಲ್ಲವಲ್ಲ, ಅದನ್ನ. ಎಲ್ಲಾ ಸೇರಿಸಿ ಒಂದೇ ಸಲ ಹೇಳೋಣ ಅಂತ... ಹಾಟ್‌ಡಿಶ್ ಅಡ್ಡ ಬಂತು.”

ಆರ್ಲಿಸ್ ಬಟ್ಟೆ ಯಂತ್ರವನ್ನು ನಿಲ್ಲಿಸಿದಳು.

“ಪರವಾಗಿಲ್ಲ ಅಂದಿದ್ರೆ ಸಾಕಾಗ್ತಿತ್ತಲ್ಲೋ, ಪೆದ್ದ!” ಎಂದಳು ಆರ್ಲಿಸ್, ಅದೇ ಕಾಲುಚೀಲದಲ್ಲಿ ಕಣ್ಣೊರೆಸಿಕೊಂಡು. “ಎರಡು ದಿನ ನಿದ್ದೆ ಮಾಡಿಲ್ಲ ನಾನು. ಮೆಟ್ಟಿಲಿಗೆ ಮರಳು ಹಾಕು ಅಂತ ಬಡಕೊಂಡೆ, ಅದನ್ನೂ ಕೇಳ್ಲಿಲ್ಲ!”

ಕೊನೆಗೂ ಬೈದಳು. ಓರ್ವಿಲ್‌ಗೆ ಎದೆಯ ಮುಳ್ಳು ಕಿತ್ತಂತಾಯಿತು.

ಆದರೆ ಶಿಕ್ಷೆ ಉಳಿದಿತ್ತು. ಒಂಬತ್ತು ಪಾತ್ರೆಗಳನ್ನು ಹಿಂದಿರುಗಿಸಬೇಕು. ಬರಿದಾಗಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ.

“ನೀನೇ ಏನಾದ್ರೂ ಮಾಡಿ ತುಂಬಿಸು. ನೀನೇ ಹೋಗಿ ಥ್ಯಾಂಕ್ಸ್ ಹೇಳು. ಈಗ ಅಭ್ಯಾಸ ಇದೆಯಲ್ಲ.”

ಓರ್ವಿಲ್ ಜೀವಮಾನದಲ್ಲಿ ಮೊದಲ ಬಾರಿಗೆ ಏಪ್ರನ್ ಕಟ್ಟಿಕೊಂಡು, ಆರ್ಲಿಸ್ ಬರೆದಿಟ್ಟಿದ್ದ ಚೀಟಿ ನೋಡಿಕೊಂಡು ನಿಂಬೆ ಬಿಲ್ಲೆಗಳನ್ನು ಮಾಡಿದ. “ಪುಡಿಸಕ್ಕರೆ ಎಲ್ಲಿದೆ?” ಎಂದು ಕೂಗಿ ಕೇಳಿದಾಗ “ಬಿಳಿ ಡಬ್ಬೀಲಿ!” ಎಂದು ಮಹಡಿಯಿಂದ ಉತ್ತರ ಬಂದಿತು. ಧಾರಾಳವಾಗಿ ಬೆರೆಸಿದ, ಬೆಂದ ಮೇಲೆ ಮೇಲಿಂದಲೂ ಹಿಮದಂತೆ ಉದುರಿಸಿದ. ನೋಡಲು ಬಹಳ ಚೆಂದ.

ಭಾನುವಾರ ಚರ್ಚ್ ಮುಗಿಸಿ ಒಂಬತ್ತು ಮನೆಗಳಿಗೂ ಹೋದ. ಪ್ರತಿ ಬಾಗಿಲಲ್ಲೂ “ನಿಮ್ಮ ಹಾಟ್‌ಡಿಶ್ ಪರವಾಗಿರಲಿಲ್ಲ” ಎಂದ. ಪ್ರತಿ ಮನೆಯವರ ಮುಖವೂ ಅರಳಿತು. ಓರ್ವಿಲ್ ಗುಣವಾಗಿದ್ದ! ವರ್ಲಿನ್ ಮಾತ್ರ ಬಿಲ್ಲೆಗಳನ್ನು ತೆಗೆದುಕೊಂಡು, ಓರ್ವಿಲ್‌ನ ಗ್ಯಾರೇಜಿನಲ್ಲಿದ್ದ ದೋಣಿಯತ್ತ ಒಮ್ಮೆ ನೋಡಿ, ಸಣ್ಣಗೆ ನಿಟ್ಟುಸಿರಿಟ್ಟ.

ಸಂಜೆ ಆರ್ಲಿಸ್ ಕಾಫಿ ಬಗ್ಗಿಸಿ, ಉಳಿದಿದ್ದ ಬಿಲ್ಲೆಗಳಲ್ಲಿ ಒಂದನ್ನು ತೆಗೆದುಕೊಂಡಳು. ಅಷ್ಟರಲ್ಲಿ ಫೋನ್ ಬಂದಿತು. ಲವಾನ್.

“ಓರ್ವಿಲ್, ನಿಂಬೆ ಬಿಲ್ಲೆ ತಿಂದೆ. ಒಂಥರಾ... ಬೇರೆ ಇತ್ತು.”

ಫೋನ್ ಇಟ್ಟ ಕೂಡಲೇ ಪಾಸ್ಟರ್. “ಬಹಳ ಶ್ರಮಪಟ್ಟಿದ್ದೀರಿ, ಓರ್ವಿಲ್. ಒಂಥರಾ ಬೇರೆ ಇತ್ತು.”

ಓರ್ವಿಲ್ ಮೆಲ್ಲನೆ ಕಪಾಟಿನತ್ತ ತಿರುಗಿದ. ಅಕ್ಕಪಕ್ಕದಲ್ಲಿ ಎರಡು ಬಿಳಿ ಡಬ್ಬಿಗಳು. ಒಂದು ತುಂಬಿತ್ತು, ಇನ್ನೊಂದರ ತಳ ಕಾಣುತ್ತಿತ್ತು. ಬೆರಳದ್ದಿ ನಾಲಗೆಗಿಟ್ಟು ನೋಡಿದ. ತಳ ಕಾಣುತ್ತಿದ್ದದ್ದು ಕಾರ್ನ್‌ಫ್ಲೋರ್.

ಆರ್ಲಿಸ್ ಇನ್ನೂ ಅಗಿಯುತ್ತಲೇ ಇದ್ದಳು. ಬಹಳ ಹೊತ್ತು ಅಗಿದಳು. ಕಾಫಿ ಕುಡಿದು ಅದನ್ನು ಕೆಳಗಿಳಿಸಿದಳು. ಅನಂತರ ಗಂಡನ ಮುಖ ನೋಡಿ,

“ಅದ್ಭುತ,” ಎಂದು ತಟ್ಟೆಯಿಂದ ಎರಡನೆಯದನ್ನು ತೆಗೆದುಕೊಂಡಳು.

ಓರ್ವಿಲ್ ಡಬ್ಬಿಯ ಮುಚ್ಚಳ ಮುಚ್ಚಿದ. ಏನೋ ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಫೋನ್ ಮತ್ತೆ ಬಡಿದುಕೊಂಡಿತು. ಇನ್ನೂ ಏಳು ಮನೆಗಳಿದ್ದವು.