ಕೊಟ್ರಬಸಪ್ಪನ ನಡತೆಯ ಪತ್ರ

ಆ ವರ್ಷ ತಳಕಲ್ಲು ಊರಿನಲ್ಲಿ ಪೆನ್ಸಿಲ್ಲು ಹಿಡಿದು ಮಂದಿಯ ಮುಖ ನೋಡುವವನು ಒಬ್ಬನೇ, ಲೇವಿ ಜೋಳದ ವಸೂಲಿಗೆ ಬರುವ ಗಿರ್ದಾವರ. ಯುದ್ಧ ನಡೆದಿತ್ತು. ಬೆಳೆದದ್ದರಲ್ಲಿ ನಿಜಾಮ ಸರ್ಕಾರದ ಪಾಲು ಮೊದಲು, ರೈತನ ಹೊಟ್ಟೆ ಆಮೇಲೆ. ಅಂಥಾದ್ದರಲ್ಲಿ ಹೈದರಾಬಾದಿನಲ್ಲಿ ಕಾಲೇಜು ಓದುವ ಕೊಟ್ರಬಸಪ್ಪ ರಜೆಗೆ ಬಂದು, ಪೆನ್ಸಿಲ್ಲು ಹಿಡಿದು ಓಣಿಯಲ್ಲಿ ಕೂತದ್ದೇ ತಪ್ಪಾಯಿತು.

ಪಾಪ, ಅವನಿಗೆ ಬೇಕಾಗಿದ್ದದ್ದು ಒಂದು ಮುಖ. ವ್ಯಂಗ್ಯಚಿತ್ರಕಾರರಾಗಬೇಕೆನ್ನುವ ಕಾಲೇಜು ಹುಡುಗರಿಗೆ ಮುಂಬಯಿಯ ವಾರಪತ್ರಿಕೆಯೊಂದು ವಿದ್ಯಾರ್ಥಿವೇತನ ಸಾರಿತ್ತು. ಊರಿನವರನ್ನು ಕಂಡು ಬರೆದ ಒಂದು ಚಿತ್ರ, ಊರ ಹಿರಿಯರೋ ಅಧಿಕಾರಿಯೋ ಕೊಟ್ಟ ನಡತೆಯ ಪತ್ರ, ಎರಡೂ ಆ ಸಂಜೆಯ ಟಪಾಲಿಗೆ ಬೀಳಬೇಕು. ಇಲ್ಲವಾದರೆ ಕಾಲೇಜು ಸಾಕು, ನೇಗಿಲು ಹಿಡಿ ಎಂದು ಅಪ್ಪ ಈಶಪ್ಪ ಹೇಳಿಬಿಟ್ಟಿದ್ದ.

ಮೊದಲು ಸಿಕ್ಕವಳು ಪಕ್ಕದ ಮನೆಯ ಗಾಳೆಮ್ಮ. ಕಾಗದದ ಮೇಲೆ ಮೂಗು ಮೂಡುವಷ್ಟರಲ್ಲಿ ಅವಳು ಸೆರಗಿನಿಂದ ಮುಖ ಮುಚ್ಚಿದಳು.

"ಏನ್ ಬರಕೊಳ್ಳಾಕತ್ತೀಯೋ ತಮ್ಮಾ?"

"ನಿನ್ನ ಮೂಗಬೇ."

"ನನ್ನ ಮೂಗು ಯಾರಿಗೆ ಬೇಕಾಗೇತಿ? ನಮ್ಮನ್ಯಾಗ ಒಂದ್ ಸೇರು ಜೋಳಾನೂ ಇಲ್ಲ, ಅದನ್ನ ಬರಕೋ."

ಕೊಟ್ರಬಸಪ್ಪ ಲೇವಿಯವರಿಗಾಗಿ ಜೋಳದ ಲೆಕ್ಕ ಬರೆಯುತ್ತಿದ್ದಾನೆಂಬ ಸುದ್ದಿ ಅರ್ಧ ಗಂಟೆಯಲ್ಲಿ ಊರೆಲ್ಲ ತಿರುಗಿತು. ಅವನು ಕಾಲಿಟ್ಟ ಓಣಿಯಲ್ಲಿ ಬಾಗಿಲುಗಳು ಪಟಪಟ ಮುಚ್ಚಿಕೊಂಡವು. ನಡತೆಯ ಪತ್ರ ಕೇಳಹೋದರೆ ಗೌಡ ಕಳಕಪ್ಪ ಪತ್ರಿಕೆಯ ಜಾಹೀರಾತನ್ನು ಹಿಂದೆ ಮುಂದೆ ತಿರುವಿ ನೋಡಿದರು.

"ಮಂದಿ ಮುಖಾ ಸೊಟ್ಟ ಬರದ್ರ ಸ್ಕಾಲರ್‌ಶಿಪ್ ಕೊಡ್ತಾರಂತ. ನಾ ಏನ್ ಹಾಲು ಕುಡಿಯೋ ಕೂಸೇನು? ಯಾರಿಗೆ ಬಾತ್ಮಿ ಕೊಡಾಕ ಬಂದೀಯೋ ಅವರ ಹಂತ್ಯಾಕ ಸಹಿ ತಗೋ, ಹೋಗು."

ಬೇರೆ ದಾರಿ ಕಾಣದೆ ಕೊಟ್ರಬಸಪ್ಪ ಮನೆಗೆ ಬಂದು, ಹಿತ್ತಲಲ್ಲಿ ಹಗ್ಗದ ಹೊರಸಿನ ಮೇಲೆ ಕೂತಿದ್ದ ಅಪ್ಪನನ್ನೇ ಬರೆದ. ನೆತ್ತಿ ಸುಡುವ ಬಿಸಿಲು, ಬೆವರು ಸುರಿಸುತ್ತ ಅಲುಗಾಡದ ಅಪ್ಪ, ಪಕ್ಕದಲ್ಲೇ ಬೇವಿನ ಮರದ ಖಾಲಿ ನೆರಳು. ಮೂಗು ಹೊಟ್ಟೆಯ ತನಕ ಇಳಿಯಿತು. ಚಿತ್ರ ಅವನಿಗೇ ನಗು ತರಿಸುವಷ್ಟು ಚೆನ್ನಾಗಿ ಬಂತು.

ಪತ್ರವಿಲ್ಲದಿದ್ದರೂ ಚಿತ್ರವಾದರೂ ಹೋಗಲಿ ಎಂದು ಟಪಾಲಿಗೆ ಓಡುವಾಗ ಗಿರ್ದಾವರ ಉಮರಸಾಬ ಎದುರಾದರು. ಮುಂಬಯಿ ವಿಳಾಸ ಕಂಡು ಅವರಿಗೂ ಸಂಶಯ ಬಂತು. ಕೊಟ್ರಬಸಪ್ಪ ವಿದ್ಯಾರ್ಥಿವೇತನದ ಮಾತು, ಸಿಗದ ನಡತೆಯ ಪತ್ರದ ಮಾತು ಎಲ್ಲ ಹೇಳಿದರೂ ನಂಬದೆ ಲಕೋಟೆ ಬಿಚ್ಚಿಸಿ, ಚಿತ್ರ ನೋಡಿ, ಹೊಟ್ಟೆ ಹಿಡಿದು ನಕ್ಕರು. ನಗು ಒಮ್ಮೆಲೇ ನಿಂತಿತು.

"ನೆರಳು ಬಾಜೂಕ ಇಟಗೊಂಡು ನಿಮ್ಮಪ್ಪ ಬಿಸಲಾಗ ಯಾಕ ಕುಂತಾನ?"

"ಗೊತ್ತಿಲ್ರಿ. ಏಳು ಅಂದ್ರ ಏಳವಲ್ಲ."

ಕಾಲು ಗಂಟೆಯಲ್ಲಿ ಅವರ ಜವಾನರು ಹಿತ್ತಲಿಗೆ ಬಂದು ಹೊರಸು ಎತ್ತಿ, ಮಣ್ಣು ಕೆದರಿ, ಕಲ್ಲು ಸರಿಸಿದರು. ನೆಲದಡಿಯ ಹಗೇವಿನ ತುಂಬ ಜೋಳ. ಓದಿದ ಮಗನ ಬಾಯಿ ಗಟ್ಟಿಯಲ್ಲವೆಂದು ಈಶಪ್ಪ ಅವನಿಗೆ ತಿಳಿಸಿಯೇ ಇರಲಿಲ್ಲ. ಮಗ ಲೇವಿಯವರ ಕಡೆ ಸೇರಿದ್ದಾನೆಂಬ ಸುದ್ದಿ ಕೇಳಿ, ಹಗೇವಿನ ಬಾಯಿ ಅವನ ಕಣ್ಣಿಗೆ ಬೀಳದಿರಲೆಂದೇ ಹೊರಸು ಎಳೆದು ಅದರ ಮೇಲೆ ಕೂತಿದ್ದ.

ಉಮರಸಾಬರಿಗೆ ಹಿಡಿಸಲಾರದಷ್ಟು ಸಂತೋಷ. "ನಡತಿ ಪತ್ರ ಬೇಕಂದ್ಯಲ್ಲ, ತಗೋ" ಎಂದು ಅಲ್ಲೇ ಬರೆದು, ಮೊಹರು ಒತ್ತಿ, ನೆರೆದ ಊರಿಗೆಲ್ಲ ಕೇಳುವಂತೆ ಓದಿದರು: "ಈತನ ನಡತೆ ಅತ್ಯುತ್ತಮ. ಹೆತ್ತ ತಂದೆಯ ಜೋಳವನ್ನೂ ಮುಚ್ಚಿಡದೆ ಸರ್ಕಾರಕ್ಕೆ ತೋರಿಸಿಕೊಟ್ಟಿದ್ದಾನೆ." ಚಿತ್ರ ಮಾತ್ರ ಪುರಾವೆಯೆಂದು ಅವರ ಕಡತ ಸೇರಿತು.

ಟಪಾಲಿಗೆ ಇನ್ನೂ ಹೊತ್ತಿತ್ತು. ಇನ್ನೊಂದು ಮುಖ ಬರೆದರಾಯಿತೆಂದು ಕೊಟ್ರಬಸಪ್ಪ ಪೆನ್ಸಿಲ್ಲು ತೆಗೆದು ತಲೆ ಎತ್ತಿದ. ಊರಿಗೆ ಊರೇ ಬೆನ್ನು ತಿರುಗಿಸಿ ನಿಂತಿತ್ತು. ಅವನತ್ತ ಮುಖ ಮಾಡಿದ್ದವನು ಅಪ್ಪ ಒಬ್ಬನೇ, ಅವನ ಕೈಯಲ್ಲಿ ಬಾರುಕೋಲಿತ್ತು.